ಹುಲಿಯ ಮೈಮೇಲೆ ಗಾಳಿ: ಪಿಲಿವೇಷಕ್ಕೆ ಕಂಪ್ರೆಸರ್ ಬಂದ ದಾರಿ

ನವರಾತ್ರಿ ಹತ್ತಿರ ಬಂದರೆ ಮಂಗಳೂರಿನಲ್ಲಿ ತಾಸೆಯ ಸದ್ದು ಶುರುವಾಗುತ್ತದೆ. ಅದು ಎಲ್ಲರಿಗೂ ಗೊತ್ತು. ಆದರೆ ತಾಸೆ ಶುರುವಾಗುವ ಮೊದಲೇ, ಹಿಂದಿನ ರಾತ್ರಿ, ಇನ್ನೊಂದು ಸದ್ದು ಉಂಟು. ಟ್ರ್ರ್ರ್ರ್ ಅಂತ ಒಂದೇ ಸಮನೆ ಕೊರೆಯುವ ಮೋಟರ್, ನಡುವೆ ಟಕ್ ಅಂತ ನಿಂತು, ಐದು ನಿಮಿಷ ಬಿಟ್ಟು ಮತ್ತೆ ಟ್ರ್ರ್ರ್ರ್. ಹುಲಿ ತಂಡ ಬಣ್ಣ ಹಾಕಿಸಿಕೊಳ್ಳುವ ಶಾಲೆಯ ಜಗಲಿಯಲ್ಲಿ, ಕ್ಲಬ್ಬಿನ ಹಾಲ್‌ನಲ್ಲಿ, ಕೆಲವೊಮ್ಮೆ ದೇವಸ್ಥಾನದ ಹಿಂದಿನ ಶೆಡ್‌ನಲ್ಲಿ ಅದು ಕೇಳುತ್ತದೆ. ಅದೇ ಕಂಪ್ರೆಸರ್. ಈ ಸಂಚಿಕೆ ಅದರ ಬಗ್ಗೆ.

ಹುಲಿವೇಷದ ಪಾಡ್‌ಕಾಸ್ಟ್ ಅಂತ ಕೇಳಿ ಮುಡಿ ಎಸೆಯುವುದು, ಹೆಜ್ಜೆ, ತಾಸೆಯ ಲಯ ಅಂತ ಕಾಯ್ತಾ ಇದ್ದರೆ ಕ್ಷಮಿಸಿ. ಅದನ್ನು ಹೇಳುವವರು ತುಂಬಾ ಜನ ಇದ್ದಾರೆ. ಮೋಟರ್ ಬಗ್ಗೆ ಹೇಳುವವರು ಕಡಿಮೆ.

ಹಳೆಯ ಕ್ರಮ ಹೇಗಿತ್ತು ಅಂತ ಮೊದಲು ನೋಡುವ. ಹುಲಿ ದೇವಿಯ ವಾಹನ. ಮಗುವಿಗೆ ಹುಷಾರಿಲ್ಲ ಅಂದರೆ, ಗುಣವಾದರೆ ಹುಲಿವೇಷ ಹಾಕಿಸುತ್ತೇನೆ ಅಂತ ತಾಯಿ ಹರಕೆ ಹೊರುವುದು ನಮ್ಮಲ್ಲಿ ಈಗಲೂ ಉಂಟು. ಬಣ್ಣದ ರಾತ್ರಿ ಊದು ಹಾಕಿ, ಪೂಜೆ ಮಾಡಿ, ಆಮೇಲೆ ಕುಂಚ ಮುಟ್ಟುವುದು. ವೇಷಧಾರಿ ಎರಡೂ ಕೈ ಅಗಲಿಸಿ, ಎದುರಿಗೆ ಕಟ್ಟಿದ ಕೋಲನ್ನೋ ಹಗ್ಗವನ್ನೋ ಹಿಡಿದು ನಿಲ್ಲಬೇಕು. ಕುಳಿತುಕೊಳ್ಳುವ ಹಾಗಿಲ್ಲ, ಕೈ ಮಡಚುವ ಹಾಗಿಲ್ಲ, ಮಡಚಿದರೆ ಬಣ್ಣ ಅಂಟಿಕೊಳ್ಳುತ್ತದೆ. ಮೊದಲು ಅಡಿಬಣ್ಣ, ಅದು ಒಣಗಬೇಕು. ಮತ್ತೆ ಹಳದಿ, ಅದೂ ಒಣಗಬೇಕು. ಕೊನೆಗೆ ಕಪ್ಪು ಪಟ್ಟೆ. ಬೆಳಗಾಗುವ ತನಕ ನಿಂತಲ್ಲೇ ನಿದ್ದೆ ತೂಗಬೇಕು. ಕುಣಿಯುವುದಕ್ಕಿಂತ ಈ ನಿಲ್ಲುವುದೇ ಕಷ್ಟ ಅಂತ ಹುಲಿ ಹಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಕಂಪ್ರೆಸರ್ ಬಂದದ್ದು ಮುಖ್ಯವಾಗಿ ಈ ನಿಲ್ಲುವ ಹೊತ್ತನ್ನು ಕಡಿಮೆ ಮಾಡುವುದಕ್ಕೆ. ಕುಂಚದಲ್ಲಿ ಬಳಿದ ಬಣ್ಣ ದಪ್ಪ. ಗಾಳಿಯಲ್ಲಿ ಬಿಟ್ಟ ಬಣ್ಣ ಮಂಜಿನ ಹಾಗೆ ತೆಳ್ಳಗೆ ಕೂರುತ್ತದೆ, ತೆಳ್ಳಗಿದ್ದದ್ದು ಬೇಗ ಒಣಗುತ್ತದೆ. ಇಪ್ಪತ್ತು ಮೂವತ್ತು ಹುಲಿಗಳಿರುವ ತಂಡಕ್ಕೆ ಇದು ಸಣ್ಣ ವಿಷಯ ಅಲ್ಲ. ಕಳೆದ ಕೆಲವು ದಶಕಗಳಲ್ಲಿ ಅಡಿಬಣ್ಣಕ್ಕೆ ಸ್ಪ್ರೇ, ಪಟ್ಟೆಗೆ ಮತ್ತು ಮುಖಕ್ಕೆ ಕುಂಚ ಅನ್ನುವ ಒಂದು ರಾಜಿ ಕರಾವಳಿಯಲ್ಲಿ ನೆಲೆಯಾಯಿತು. ಈಗ ಹೊಟ್ಟೆಯ ಮೇಲೆ ಬಾಯಿ ತೆರೆದ ಹುಲಿಮುಖ, ಹಳದಿಯಿಂದ ಬಿಳಿಗೆ ಮೆಲ್ಲಗೆ ಇಳಿಯುವ ಶೇಡ್, ಇದಕ್ಕೆಲ್ಲ ಏರ್‌ಬ್ರಷ್ ಬಂದಿದೆ. ರೀಲ್ಸ್‌ನಲ್ಲಿ ನೀವು ನೋಡುವ ಆ ಮೆದು ನೆರಳು ಕುಂಚದ್ದಲ್ಲ.

ಹಾಗಾದರೆ ಈ ಯಂತ್ರ ಎಲ್ಲಿಂದ ಬಂತು?

ಅಮೆರಿಕದ ಅಯೋವಾ ರಾಜ್ಯದ ವೆಬ್‌ಸ್ಟರ್ ಸಿಟಿ ಅನ್ನುವ ಸಣ್ಣ ಊರಲ್ಲಿ 1879ರಲ್ಲಿ ಅಬ್ನರ್ ಪೀಲರ್ ಎಂಬ ಒಬ್ಬ ಮನುಷ್ಯ ಗಾಳಿಯಿಂದ ಬಣ್ಣ ಹರಡುವ ಒಂದು ಸಾಧನ ಮಾಡಿದ. ಅದಕ್ಕೆ ಅವನಿಟ್ಟ ಹೆಸರು ಪೇಂಟ್ ಡಿಸ್ಟ್ರಿಬ್ಯೂಟರ್. ಹೆಸರು ಕೇಳಿದರೆ ರೇಷನ್ ಅಂಗಡಿ ನೆನಪಾಗುತ್ತದೆ, ಅಲ್ವಾ? ಅದರ ಹಕ್ಕನ್ನು ಲಿಬರ್ಟಿ ವಾಕಪ್ ಎಂಬವನು ಕೊಂಡುಕೊಂಡು ಸುಧಾರಿಸಿ ಮಾರಿದ. ಏರ್‌ಬ್ರಷ್ ಅನ್ನುವ ಹೆಸರು ಅವನ ಹೆಂಡತಿ ಇಟ್ಟದ್ದು. 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಪೆನ್ನಿನ ಆಕಾರದ ಏರ್‌ಬ್ರಷ್ ಮಾಡಿದ. ಗಾಳಿ ಮತ್ತು ಬಣ್ಣ ಒಳಗೇ ಸೇರುವ, ಈಗ ನಾವು ಕೈಯಲ್ಲಿ ಹಿಡಿಯುವ ಏರ್‌ಬ್ರಷ್‌ಗೆ ಅದೇ ಅಜ್ಜ. ಆ ಕಾಲದಲ್ಲಿ ಇದರ ದೊಡ್ಡ ಗಿರಾಕಿ ಫೋಟೋ ಸ್ಟುಡಿಯೋ. ದೊಡ್ಡದು ಮಾಡಿದ ಕಪ್ಪುಬಿಳುಪು ಚಿತ್ರದಲ್ಲಿ ಮುಖ ಮಸುಕಾದರೆ ಅದನ್ನು ತಿದ್ದುವುದಕ್ಕೆ. ಗಾಳಿ ಬರುತ್ತಿದ್ದದ್ದು ಕೈಯಲ್ಲೋ ಕಾಲಲ್ಲೋ ಒತ್ತುವ ಪಂಪಿನಿಂದ.

ಅದೇ ಹೊತ್ತಿಗೆ ಮಂಗಳೂರಲ್ಲಿ ಏನು ನಡೀತಾ ಇತ್ತು ಗೊತ್ತಾ? ಇಟಲಿಯಿಂದ ಬಂದ ಅಂಟೋನಿಯೋ ಮೊಸ್ಕೇನಿ 1899ರಿಂದ 1901ರ ತನಕ ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗೆಲ್ಲ ಚಿತ್ರ ಬರೆಯುತ್ತಿದ್ದ. ಪೂರ್ತಿ ಕುಂಚದಲ್ಲಿ. ಅಲ್ಲಿ ಚಾವಣಿ ನೋಡುವಾಗ ಒಮ್ಮೆ ನೆನಪಿಸಿಕೊಳ್ಳಿ, ಅಷ್ಟು ಹೊತ್ತಿಗೆ ಏರ್‌ಬ್ರಷ್ ಅಂಗಡಿಯಲ್ಲಿ ಸಿಗುತ್ತಿತ್ತು. ಒದ್ದೆ ಗಾರೆಯ ಮೇಲೆ ಬರೆಯುವ ಫ್ರೆಸ್ಕೋಗೆ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಏರ್‌ಬ್ರಷ್‌ಗೆ ಒಬ್ಬ ಒರಟು ಅಣ್ಣ ಉಂಟು, ಸ್ಪ್ರೇ ಗನ್. ಅದು ಹುಟ್ಟಿದ್ದು ಚಿತ್ರಕಲೆಗಲ್ಲ, ಸುಣ್ಣ ಬಳಿಯುವುದಕ್ಕೆ. 1887ರಲ್ಲಿ ಶಿಕಾಗೋದ ಒಂದು ದೊಡ್ಡ ಅಂಗಡಿಯ ನೆಲಮಾಳಿಗೆಗೆ ಸುಣ್ಣ ಬಳಿಸಬೇಕಾಗಿದ್ದ ಜೋಸೆಫ್ ಬಿಂಕ್ಸ್, ಕೈಪಂಪಿನಿಂದ ಸುಣ್ಣ ಚಿಮ್ಮಿಸುವ ಉಪಾಯ ಮಾಡಿದ. 1893ರಲ್ಲಿ ಅದೇ ಶಿಕಾಗೋದಲ್ಲಿ ವಿಶ್ವಮೇಳ. ವಿವೇಕಾನಂದರು ಮಾತನಾಡಿದ ಸಮ್ಮೇಳನ ಇದೇ ಮೇಳದ ಜೊತೆಗೆ ನಡೆದದ್ದು. ಆ ಮೇಳದ ದೊಡ್ಡ ದೊಡ್ಡ ಕಟ್ಟಡಗಳಿಗೆ ಕುಂಚದಲ್ಲಿ ಬಿಳಿ ಬಳಿದು ಮುಗಿಯುವುದಿಲ್ಲ ಅಂತ ಪೈಪಿನಲ್ಲಿ ಗಾಳಿ ಬಿಟ್ಟು ಬಣ್ಣ ಹೊಡೆದರು. ಇನ್ನೊಂದು ಕಡೆ ಟೊಲೇಡೋ ಎಂಬ ಊರಲ್ಲಿ ಅಲೆನ್ ಡೆವಿಲ್ಬಿಸ್ ಎಂಬ ವೈದ್ಯರು ರೋಗಿಗಳ ಗಂಟಲಿಗೆ ಔಷಧಿ ಚಿಮುಕಿಸುವ ಸಾಧನ ಮಾಡಿ 1888ರಲ್ಲಿ ಕಂಪನಿ ಶುರು ಮಾಡಿದರು. ಅವರ ಮಗ ಅದೇ ತತ್ವದಲ್ಲಿ ಬಣ್ಣದ ಗನ್ ಮಾಡಿದ. ಗಂಟಲಿನ ಔಷಧಿಯಿಂದ ಕಾರಿನ ಬಣ್ಣಕ್ಕೆ!

ಇಲ್ಲಿಂದ ಕಥೆ ನಮ್ಮ ಗ್ಯಾರೇಜಿನ ಕಡೆ ತಿರುಗುತ್ತದೆ. 1920ರ ದಶಕದ ಶುರುವಿನ ತನಕ ಕಾರಿಗೆ ಬಣ್ಣ ಹಾಕಿ ಒಣಗಿಸುವುದಕ್ಕೆ ವಾರಗಟ್ಟಲೆ ಬೇಕಿತ್ತು. ಡುಪಾಂಟ್ ಕಂಪನಿಯ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣ 1923ರ ಸುಮಾರಿಗೆ ಜನರಲ್ ಮೋಟರ್ಸ್‌ನ ಕಾರುಗಳಿಗೆ ಬಂತು. ಅದು ಎಷ್ಟು ಬೇಗ ಒಣಗುತ್ತದೆ ಅಂದರೆ ಕುಂಚದಲ್ಲಿ ಎಳೆಯುವುದೇ ಕಷ್ಟ, ಸ್ಪ್ರೇಯೇ ಆಗಬೇಕು. ಹಾಗೆ ಪ್ರತಿ ಪೇಂಟಿಂಗ್ ಗ್ಯಾರೇಜಿಗೂ ಕಂಪ್ರೆಸರ್ ಅನಿವಾರ್ಯ ಆಯಿತು. ನಮ್ಮಲ್ಲಿ ಬಡಗಿಗಳೂ ಪೇಂಟರ್‌ಗಳೂ ಈಗಲೂ ಡ್ಯೂಕೋ ಫಿನಿಶ್ ಅನ್ನುತ್ತಾರಲ್ಲ, ಆ ಹೆಸರು ಅಲ್ಲಿಂದ ಉಳಿದದ್ದು. 1960ರಲ್ಲಿ ಕೊಯಂಬತ್ತೂರಿನಲ್ಲಿ ಎಲ್ಜಿ ಕಂಪನಿ ಶುರುವಾಗಿ, ಮುಂದೆ ದೇಶದ ಗ್ಯಾರೇಜುಗಳಿಗೆಲ್ಲ ಪರಿಚಯದ ಹೆಸರಾಯಿತು. ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಬೆಲ್ಟ್ ಹಾಕಿಕೊಂಡು ಕುಣಿಯುವ ಆ ಉರುಟು ಟ್ಯಾಂಕನ್ನು ನೋಡದವರು ಯಾರಿದ್ದಾರೆ?

ಗಾಳಿ, ಒತ್ತಡ, ಮಂಜು ಇದೆಲ್ಲ ನಮ್ಮ ಜಿಲ್ಲೆಯವರಿಗೆ ಹೊಸತೇನಲ್ಲ. ಅಡಿಕೆ ತೋಟ ಇದ್ದವರಿಗೆ ಮದ್ದು ಬಿಡುವುದು ಗೊತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಒಂದು ಶತಮಾನದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬಳಕೆಗೆ ತಂದರು. ಆದರೆ ಆ ಪಂಪಿನಲ್ಲಿ ಒತ್ತಡ ಬೀಳುವುದು ನೀರಿನ ಮೇಲೆ. ಏರ್‌ಬ್ರಷ್‌ಗೆ ಹತ್ತಿರದ ಸಂಬಂಧಿ ಅಂದರೆ ಅಜ್ಜಿಮನೆಯ ಫ್ಲಿಟ್ ಪಂಪ್. ಸೊಳ್ಳೆಗೆ ಹೊಡೆಯುತ್ತಿದ್ದರಲ್ಲ, ಉದ್ದ ಕೊಳವೆ, ತುದಿಯಲ್ಲಿ ಡಬ್ಬಿ. ಕೈಯಿಂದ ತಳ್ಳಿದ ಗಾಳಿ ಸಣ್ಣ ನಳಿಕೆಯ ಬಾಯಿಯ ಮೇಲೆ ವೇಗವಾಗಿ ಹೋಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ, ಕೆಳಗಿನ ದ್ರವ ತಾನಾಗಿ ಮೇಲೆ ಬಂದು ಮಂಜಾಗುತ್ತದೆ. ಏರ್‌ಬ್ರಷ್‌ನ ಒಳಗೆ ನಡೆಯುವುದೂ ಅಷ್ಟೇ. ಸೂಜಿ ಒಂದು ಹೆಚ್ಚಿಗೆ ಉಂಟು, ಬಣ್ಣ ಎಷ್ಟು ಬರಬೇಕು ಅಂತ ಹಿಡಿತ ಮಾಡುವುದಕ್ಕೆ.

ಈಗ ನಾನು ಈ ಸಂಚಿಕೆ ಮಾಡಲು ನಿಜವಾದ ಕಾರಣಕ್ಕೆ ಬರ್ತೇನೆ. ಗ್ಯಾರೇಜಿನಿಂದ ಹುಲಿಗೆ ಬರುವಾಗ ಕಂಪ್ರೆಸರ್ ಒಂದೇ ಬರಲಿಲ್ಲ. ಗ್ಯಾರೇಜಿನ ಬಣ್ಣವೂ ಜೊತೆಗೆ ಬಂತು, ಥಿನ್ನರ್ ಬಂತು, ಆ ಬಣ್ಣ ತೆಗೆಯುವುದಕ್ಕೆ ಸೀಮೆಎಣ್ಣೆಯೂ ಬಂತು.

ಬಾಗಿಲು ಕಿಟಕಿಗೆ ಹಾಕುವ ಎನಾಮಲ್ ಮನುಷ್ಯನ ಚರ್ಮಕ್ಕೆ ಮಾಡಿದ್ದಲ್ಲ. 2016ರಲ್ಲಿ ಕೇಂದ್ರ ಸರಕಾರ ಒಂದು ನಿಯಮ ತಂದಿತು. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು. 2017ರ ನವೆಂಬರ್‌ನಿಂದ ಅದು ಜಾರಿಗೆ ಬಂತು. ಒಳ್ಳೆಯದೇ. ಆದರೆ ಆ ನಿಯಮ ಮನೆಯ ಬಣ್ಣಕ್ಕೆ, ವಾಹನದ ಬಣ್ಣಕ್ಕಲ್ಲ. ಹಳದಿ, ಕೇಸರಿ ಬಣ್ಣಗಳಿಗೆ ಸೀಸದ ಕ್ರೋಮೇಟ್ ಬಳಸುವುದು ಬಣ್ಣದ ಉದ್ಯಮದ ಹಳೆಯ ಪದ್ಧತಿ, ಹುಲಿಗೆ ಬೇಕಾದ್ದು ಅದೇ ಎರಡು ಬಣ್ಣ. ಇನ್ನು ಗಟ್ಟಿಕಾರಕ ಸೇರಿಸಿ ಹೊಡೆಯುವ ಕಾರಿನ ಟೂಕೆ ಬಣ್ಣ ಉಂಟಲ್ಲ, ಅದರಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಲ್ಲಿ ಹೋದರೆ ಆಸ್ತಮಾ ಬರುತ್ತದೆ. ಕುಂಚದಲ್ಲಿ ಇದ್ದಾಗ ವಿಷ ಚರ್ಮಕ್ಕೆ ಮಾತ್ರ. ಸ್ಪ್ರೇ ಮಾಡಿದಾಗ ಅದು ಕೋಣೆಯಲ್ಲಿದ್ದ ಎಲ್ಲರ ಶ್ವಾಸಕೋಶಕ್ಕೂ ಹೋಗುತ್ತದೆ. ಹಳೆಯ ಮಾದರಿಯ ಸ್ಪ್ರೇ ಗನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬಣ್ಣ ಮೈಮೇಲೆ ಕೂರುವುದೇ ಇಲ್ಲ, ಗಾಳಿಯಲ್ಲಿ ತೇಲುತ್ತದೆ. ಅದನ್ನು ರಾತ್ರಿಯಿಡೀ ಕುಡಿಯುವವರು ಬಣ್ಣದ ಕಲಾವಿದರು. ವೇಷಧಾರಿಗೆ ವರ್ಷಕ್ಕೊಮ್ಮೆ, ಅವರಿಗೆ ಅಷ್ಟಮಿ, ಚೌತಿ, ನವರಾತ್ರಿ ಎಲ್ಲದರಲ್ಲೂ.

ಇಲ್ಲಿ ಕೆಲವರು ಹೇಳುತ್ತಾರೆ, ಹಿಂದೆ ಎಲ್ಲ ನೈಸರ್ಗಿಕ ಬಣ್ಣ ಇತ್ತು, ಅದಕ್ಕೇ ವಾಪಸ್ ಹೋಗಬೇಕು ಅಂತ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಕರಾವಳಿಯ ಮುಖವರ್ಣಿಕೆಯ ಹಳೆಯ ಹಳದಿ ಯಾವುದು? ಅರದಳ. ಅದು ಆರ್ಸೆನಿಕ್‌ನ ಸಲ್ಫೈಡ್. ಹಳೆಯ ಕೆಂಪು ಯಾವುದು? ಇಂಗಳೀಕ. ಅದು ಪಾದರಸದ ಸಲ್ಫೈಡ್. ಎರಡೂ ಮಣ್ಣಿನಿಂದ ಬಂದದ್ದೇ, ಎರಡೂ ವಿಷವೇ. ನೈಸರ್ಗಿಕ ಅನ್ನುವ ಪದ ಡಬ್ಬಿಯ ಮೇಲೆ ಇದ್ದರೆ ಸಾಲದು, ಒಳಗೆ ಏನುಂಟು ಅಂತ ಓದಬೇಕು.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಮುಗಿಸುತ್ತೇನೆ. ಮೈಯೆಲ್ಲ ಬಣ್ಣ ಹಾಕಿದರೆ ಚರ್ಮ ಉಸಿರಾಡಲಾಗದೆ ಮನುಷ್ಯ ಸಾಯುತ್ತಾನೆ ಅನ್ನುವ ಕಥೆ. 1964ರ ಗೋಲ್ಡ್‌ಫಿಂಗರ್ ಸಿನಿಮಾದಲ್ಲಿ ಚಿನ್ನದ ಬಣ್ಣ ಬಳಿದು ಹುಡುಗಿಯನ್ನು ಕೊಲ್ಲುವ ದೃಶ್ಯ ಇದೆ, ಅದರಿಂದ ಜಗತ್ತಿಗೇ ಹಬ್ಬಿತು. ನಾವು ಉಸಿರಾಡುವುದು ಶ್ವಾಸಕೋಶದಿಂದ, ಚರ್ಮದಿಂದ ಅಲ್ಲ. ನಿಜವಾದ ಅಪಾಯ ಬೆವರು. ಎನಾಮಲ್ ಪದರ ಬೆವರನ್ನು ತಡೆಯುತ್ತದೆ, ಬೆವರು ಆರದೆ ಮೈ ತಣ್ಣಗಾಗುವುದಿಲ್ಲ. ಅಕ್ಟೋಬರದ ಮಂಗಳೂರಿನ ಸೆಕೆಯಲ್ಲಿ, ತಲೆಗೆ ಹುಲಿಮಂಡೆ ಕಟ್ಟಿಕೊಂಡು, ಟಾರ್ ರಸ್ತೆಯಲ್ಲಿ ಕುಣಿಯುವಾಗ ತಲೆ ಸುತ್ತುವುದು ಭಕ್ತಿಯಿಂದ ಮಾತ್ರ ಅಲ್ಲ ಮಾರಾಯ್ರೆ.

ಹಾಗಾಗಿ ಯಾವ ಕಂಪ್ರೆಸರ್ ಅನ್ನುವ ಪ್ರಶ್ನೆ ಬರುವುದು ಯಾವ ಬಣ್ಣ ಅನ್ನುವುದು ತೀರ್ಮಾನ ಆದ ಮೇಲೆ. ಮೈಗೆ ಅಂತಲೇ ಮಾಡಿದ ನೀರಿನಾಧಾರಿತ ಬಾಡಿ ಪೇಂಟ್ ಸಿಗುತ್ತದೆ. ದುಬಾರಿ, ಬೆವರಿಗೆ ಸ್ವಲ್ಪ ಇಳಿಯುತ್ತದೆ, ಮೂರು ದಿನ ನಿಲ್ಲುವುದಿಲ್ಲ. ಮದ್ಯಸಾರದಲ್ಲಿ ಕರಗುವ, ಹೆಚ್ಚು ಹೊತ್ತು ನಿಲ್ಲುವ ಮೇಕಪ್ ಬಣ್ಣವೂ ಉಂಟು, ಅದಕ್ಕೆ ಬೆಂಕಿ ದೂರ ಇರಬೇಕು. ಊದು ಹಾಕುವ ಕೆಂಡವೂ ಬೆಂಕಿಯೇ. ಹರಕೆಯ ಸಣ್ಣ ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್: ಎನಾಮಲ್ ಬೇಡವೇ ಬೇಡ, ಒಂದು ದಿನಕ್ಕೆ ನಿಲ್ಲುವ ಬಣ್ಣ ಸಾಕು. ದೇವಿ ಬಣ್ಣದ ಬ್ರ್ಯಾಂಡ್ ಕೇಳುವುದಿಲ್ಲ.

ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸಿದ್ದ: ಅಣ್ಣಾ, ನಾವು ಎಂಟು ಜನರ ಸಣ್ಣ ತಂಡ, ಆನ್‌ಲೈನಲ್ಲಿ ಅಂಗೈಯಷ್ಟು ಚಿಕ್ಕ ಏರ್‌ಬ್ರಷ್ ಕಂಪ್ರೆಸರ್ ನೋಡಿದೆ, ಅದರಲ್ಲಿ ಹುಲಿ ಆಗ್ತದಾ ಅಂತ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೇನೆ.

ಮುಖಕ್ಕೆ, ಶೇಡಿಂಗ್‌ಗೆ ಆಗ್ತದೆ. ಇಡೀ ಮೈಗೆ ಆಗುವುದಿಲ್ಲ. ಕಂಪ್ರೆಸರ್ ನೋಡುವಾಗ ಎಲ್ಲರೂ ಒತ್ತಡವನ್ನು, ಅಂದರೆ ಪಿಎಸ್‌ಐಯನ್ನು ನೋಡುತ್ತಾರೆ. ಒತ್ತಡ ಎಲ್ಲದರಲ್ಲೂ ಬೇಕಾದಷ್ಟು ಇರುತ್ತದೆ. ಸೈಕಲ್ ಪಂಪಿನಲ್ಲೂ ಇರುತ್ತದೆ. ನೋಡಬೇಕಾದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ ಅಂತ. ಏರ್‌ಬ್ರಷ್‌ಗೆ, 0.3 ಮಿಲಿಮೀಟರ್ ನಾಝಲ್ ಇದ್ದರೆ, ನಿಮಿಷಕ್ಕೆ ಹತ್ತು ಹದಿನೈದು ಲೀಟರ್ ಗಾಳಿ, 15ರಿಂದ 25 ಪಿಎಸ್‌ಐ ಒತ್ತಡ ಸಾಕು. ಅದಕ್ಕೆ ಐದನೇ ಒಂದು ಎಚ್‌ಪಿಯ, ಮೂರು ಲೀಟರ್ ಟ್ಯಾಂಕ್ ಇರುವ, ಎಣ್ಣೆ ಬೇಡದ ಪಿಸ್ಟನ್ ಕಂಪ್ರೆಸರ್ ಸರಿ. ನಿಮಿಷಕ್ಕೆ ಇಪ್ಪತ್ತು ಲೀಟರ್ ಆಸುಪಾಸು ಕೊಡುತ್ತದೆ. ಪಕ್ಕದಲ್ಲಿ ಮಗು ಮಲಗಿದ್ದರೂ ಏಳದಷ್ಟು ಸದ್ದು. ಆದರೆ ಆ ನಾಝಲ್‌ನಲ್ಲಿ ಒಂದು ಇಡೀ ಬೆನ್ನಿಗೆ ಹಳದಿ ಹೊಡೆಯುವುದು ಅಂದರೆ ಅಡಿಕೆ ತೋಟಕ್ಕೆ ಚಮಚದಲ್ಲಿ ನೀರು ಹಾಕಿದ ಹಾಗೆ. ಅಡಿಬಣ್ಣಕ್ಕೆ ಬೇಕಾದ್ದು 0.8 ಮಿಲಿಮೀಟರ್‌ನ ಸಣ್ಣ ಗನ್. ಅದು ನಿಮಿಷಕ್ಕೆ 80ರಿಂದ 120 ಲೀಟರ್ ತಿನ್ನುತ್ತದೆ. ಅದಕ್ಕೆ ಒಂದು ಎಚ್‌ಪಿ, 24 ಲೀಟರ್ ಟ್ಯಾಂಕಿನ ಆಯಿಲ್‌ಫ್ರೀ ಯಂತ್ರ ಬೇಕು. ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಸಾಮಾನ್ಯವಾಗಿ ಪಿಸ್ಟನ್ ಎಳೆಯುವ ಗಾಳಿ, ಹೊರಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಅಂಗಡಿಯಲ್ಲಿ ಇದನ್ನು ಕೇಳಿ, ಉತ್ತರ ಬಾರದಿದ್ದರೆ ಪಕ್ಕದ ಅಂಗಡಿಗೆ ಹೋಗಿ.

ಟ್ಯಾಂಕ್ ಯಾಕೆ ಬೇಕು ಅಂತ ಕೇಳುವವರಿಗೆ: ಪಿಸ್ಟನ್ ಗಾಳಿಯನ್ನು ಬಡಿದು ಬಡಿದು ಕಳಿಸುತ್ತದೆ. ಟ್ಯಾಂಕ್ ಇಲ್ಲದಿದ್ದರೆ ಆ ಬಡಿತ ಗೆರೆಯಲ್ಲಿ ಕಾಣುತ್ತದೆ. ಜೊತೆಗೆ ಟ್ಯಾಂಕ್ ತುಂಬಿದಾಗ ಮೋಟರ್ ನಿಂತು ಸುಧಾರಿಸಿಕೊಳ್ಳುತ್ತದೆ. ಸಣ್ಣ ಯಂತ್ರಗಳು ಬಿಡದೆ ಓಡುವುದಕ್ಕೆ ಮಾಡಿದ್ದಲ್ಲ, ಅರ್ಧ ಗಂಟೆ ಆದರೆ ತಣ್ಣಗಾಗಲು ಬಿಡಬೇಕು.

ಮಂಗಳೂರಿಗೆ ಮಾತ್ರ ಸೇರಿದ ಒಂದು ತೊಂದರೆ ಉಂಟು. ವಿದೇಶದ ಯೂಟ್ಯೂಬ್ ವಿಡಿಯೋಗಳಲ್ಲಿ ಇದಕ್ಕೆ ಅರ್ಧ ನಿಮಿಷ ಕೂಡ ಕೊಡುವುದಿಲ್ಲ. ನೀರು! ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿ ಹಿಡಿಯುತ್ತದೆ. ನಮ್ಮಲ್ಲಿ ತೇವಾಂಶ ಶೇ 80 ಅಂದುಕೊಂಡರೆ 24 ಗ್ರಾಂ. ನಿಮಿಷಕ್ಕೆ 20 ಲೀಟರ್ ಎಳೆಯುವ ಸಣ್ಣ ಕಂಪ್ರೆಸರ್ ಒಂದು ಗಂಟೆಯಲ್ಲಿ 29 ಗ್ರಾಂ ನೀರನ್ನು ಒಳಗೆ ತೆಗೆದುಕೊಳ್ಳುತ್ತದೆ. ಗಾಳಿಯನ್ನು ನಾಲ್ಕನೇ ಒಂದಕ್ಕೆ ಹಿಂಡಿ ತಣ್ಣಗೆ ಮಾಡಿದರೆ ಅದರಲ್ಲಿ ಸುಮಾರು 9 ಗ್ರಾಂಗೆ ಮಾತ್ರ ಜಾಗ. ಉಳಿದ 20 ಗ್ರಾಂ ಎಲ್ಲಿ ಹೋಗಬೇಕು? ಟ್ಯಾಂಕಿನಲ್ಲಿ, ಪೈಪಿನಲ್ಲಿ ನೀರಾಗುತ್ತದೆ. ಗಂಟೆಗೆ ನಾಲ್ಕು ಚಮಚ! ಸರಿಯಾಗಿ ಹುಲಿಯ ಮೂಗು ಬರೆಯುವಾಗ ಪುಚಕ್ ಅಂತ ಒಂದು ಹನಿ ಬರುತ್ತದೆ, ಬಣ್ಣ ಕೆಳಗೆ ಇಳಿಯುತ್ತದೆ.

ಇದಕ್ಕೆ ಮಾಯಿಶ್ಚರ್ ಟ್ರ್ಯಾಪ್ ಅಂತ ಒಂದು ಸಣ್ಣ ಗಾಜಿನ ಬಟ್ಟಲು ಬರುತ್ತದೆ. ಅದನ್ನು ಕಂಪ್ರೆಸರ್‌ಗೆ ತಾಗಿಸಿಯೇ ಇಟ್ಟಿರುತ್ತಾರೆ. ಆದರೆ ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಆಮೇಲೆ ಪೈಪಿನಲ್ಲಿ ತಣ್ಣಗಾಗಿ ಹನಿಯಾಗುತ್ತದೆ. ಹಾಗಾಗಿ ಉದ್ದ ಪೈಪ್ ಹಾಕಿ, ಇನ್ನೊಂದು ಸಣ್ಣ ಟ್ರ್ಯಾಪನ್ನು ಏರ್‌ಬ್ರಷ್‌ನ ಹಿಡಿಯ ಹತ್ತಿರ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೀರು ಬಿಡಿ. ಬಿಡದಿದ್ದರೆ ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಸಮುದ್ರದ ಗಾಳಿಯ ಊರಲ್ಲಿ ಹಳೆಯ ಟ್ಯಾಂಕ್ ಅಗ್ಗಕ್ಕೆ ಸಿಗುತ್ತದೆ ಅಂತ ತರುವವರು ಇದನ್ನು ಯೋಚಿಸಬೇಕು.

ಹಳೆಯ ಫ್ರಿಜ್ಜಿನ ಕಂಪ್ರೆಸರ್ ಕಿತ್ತು ತಾವೇ ಮಾಡಿಕೊಳ್ಳುವವರೂ ಇದ್ದಾರೆ. ಜಾಣತನ ನಿಜ. ಸದ್ದೇ ಇಲ್ಲ. ಆದರೆ ಅದರ ಹೊಟ್ಟೆಯಲ್ಲಿ ಎಣ್ಣೆ ಉಂಟು, ಆ ಎಣ್ಣೆ ಗಾಳಿಯ ಜೊತೆ ಬಂದು ಬಣ್ಣದಲ್ಲಿ ಮೀನಿನ ಕಣ್ಣಿನಂಥ ತೂತು ಮಾಡುತ್ತದೆ. ಮತ್ತೆ ಸೇಫ್ಟಿ ವಾಲ್ವ್ ಇಲ್ಲದ ಮನೆಯಲ್ಲಿ ಮಾಡಿದ ಟ್ಯಾಂಕನ್ನು ಜನ ಸೇರಿದ ಹಾಲಿನಲ್ಲಿ ಇಡುವುದು ಬೇಡ. ಗ್ಯಾರೇಜಿನಿಂದ ಒಂದು ರಾತ್ರಿಗೆ ಬಾಡಿಗೆಗೆ ತರುವ ಬೆಲ್ಟ್ ಕಂಪ್ರೆಸರ್‌ಗೂ ಎಣ್ಣೆಯ ಮಾತು ಅನ್ವಯಿಸುತ್ತದೆ. ತಂದರೆ ಫಿಲ್ಟರ್ ಹಾಕಿಯೇ ಬಳಸಿ, ರೆಗ್ಯುಲೇಟರ್ ಇಳಿಸಿ. ಕಾರಿನ ಬಾನೆಟ್‌ಗೆ ಹೊಡೆಯುವ ಒತ್ತಡ ಮನುಷ್ಯನ ಎದೆಗೆ ಬೇಡ. ಅಮೆರಿಕದ ಕಾರ್ಖಾನೆ ನಿಯಮದಲ್ಲಿ ಬರೀ ಧೂಳು ಊದುವ ಗಾಳಿಗೇ 30 ಪಿಎಸ್‌ಐ ಮಿತಿ ಹಾಕಿದ್ದಾರೆ.

ಕಿವಿ, ಕಣ್ಣು, ಮೂಗಿನ ಹತ್ತಿರ ಗನ್ ತೋರಿಸಲೇಬೇಡಿ, ತಮಾಷೆಗೂ. ಕಿವಿಯೊಳಗೆ ಒತ್ತಡದ ಗಾಳಿ ಹೋದರೆ ತಮಟೆ ಹರಿಯಬಹುದು. ಮುಖಕ್ಕೆ ಕುಂಚವೇ ಒಳ್ಳೆಯದು ಅನ್ನುವುದು ಹಳೆಯ ಕಲಾವಿದರ ಅಭ್ಯಾಸ, ಅದಕ್ಕೆ ಈ ಕಾರಣವೂ ಸೇರಿಕೊಳ್ಳುತ್ತದೆ. ಬಾಗಿಲು ಕಿಟಕಿ ತೆರೆದಿಡಿ, ಒಂದು ಫ್ಯಾನ್ ಹೊರಗಿನ ಕಡೆ ಮುಖ ಮಾಡಿ ಇಡಿ. ಬಣ್ಣ ಹೊಡೆಯುವವರು ಬಟ್ಟೆಯ ಮಾಸ್ಕ್ ಹಾಕಿದರೆ ಅದು ಹನಿಯನ್ನು ಸ್ವಲ್ಪ ತಡೆದೀತು, ಥಿನ್ನರಿನ ಆವಿಯನ್ನು ತಡೆಯದು. ಅದಕ್ಕೆ ಇದ್ದಿಲಿನ ಡಬ್ಬಿ ಇರುವ ಮಾಸ್ಕೇ ಬೇಕು. ತಂಡದ ಬಜೆಟ್‌ನಲ್ಲಿ ತಾಸೆಯವರಿಗೆ, ಊಟಕ್ಕೆ, ಟೀ ಶರ್ಟಿಗೆ ದುಡ್ಡು ತೆಗೆದಿಡುತ್ತೀರಿ. ಬಣ್ಣದವರ ಮಾಸ್ಕಿಗೂ ಒಂದು ಸಾಲು ಬರೆದಿಡಿ.

ಎಂಟು ಜನರ ಆ ತಂಡದ ಹುಡುಗ ಕೊನೆಗೆ ಒಂದು ಎಚ್‌ಪಿಯದ್ದನ್ನು ಪಕ್ಕದೂರಿನ ಇನ್ನೊಂದು ತಂಡದ ಜೊತೆ ಸೇರಿ ಅರ್ಧರ್ಧ ಹಾಕಿ ತಗೊಂಡನಂತೆ. ಎರಡು ತಂಡಕ್ಕೂ ಬಣ್ಣದ ರಾತ್ರಿ ಒಂದೇ ಬಾರದ ಹಾಗೆ ನೋಡಿಕೊಳ್ಳಬೇಕು ಅಷ್ಟೇ. ಮುಂದಿನ ವಾರ ತಾಸೆಯ ಚರ್ಮದ ಬಗ್ಗೆ ಮಾತಾಡುವ.